ನಾಳೆ ಬಾ

ತೊಂಬತ್ತರ ದಶಕದಲ್ಲಿ ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಮನೆಬಾಗಿಲ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆದಿರುತ್ತಿದ್ದುದು ನಿಮಗೂ ನೆನಪಿರಬಹುದು. ರಾತ್ರಿ ಹೊತ್ತು ಹೆಣ್ಣುದೆವ್ವವೊಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರು ಉಳಿಯುವುದಿಲ್ಲ ಎಂದು ಸುದ್ದಿ. ಬರಹ ಓದಿ ಅದು ಹಿಂದಿರುಗಬೇಕು. ಮರುದಿನವೂ ಅದೇ ಬರಹ. ‘ದೆವ್ವಕ್ಕೆ ಓದಲು ಬರುತ್ತದಾ ಮಿಸ್?’ ಎಂದು ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಾಗ ನಕ್ಕಿದ್ದೆ. ಆ ರಾತ್ರಿ ಯಾರೋ ಬಾಗಿಲು ತಟ್ಟಿದಾಗ ಮಾತ್ರ ನಾನು ತಕ್ಷಣ ಏಳಲಿಲ್ಲ.

ಈಚೆಗೆ ಮಗಳು ಹೇಳಿದ ರೇಡಿಯೊ ನಾಟಕವೊಂದರ ಕತೆ ಇದನ್ನೆಲ್ಲ ನೆನಪಿಗೆ ತಂದಿತು. ಮುಂದೆ ಶ್ರೀಲಂಕಾದಲ್ಲಿ ನೆಲೆಸಿದ ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಪ್ರಕಟಿಸಿದ ‘ಚೈಲ್ಡ್‌ಹುಡ್ಸ್ ಎಂಡ್’ ಕಾದಂಬರಿಯನ್ನು ಬಿಬಿಸಿ 1997ರಲ್ಲಿ ನಾಟಕವಾಗಿ ಪ್ರಸಾರ ಮಾಡಿತು. ಬೇರೆ ಲೋಕದವರ ನೌಕೆಗಳು ಬಂದು ಭೂಮಿಯ ನಗರಗಳ ಮೇಲೆ ನಿಲ್ಲುತ್ತವೆ. ಬಂದವರು ಯುದ್ಧ ನಿಲ್ಲಿಸುತ್ತಾರೆ, ಬಡತನ ನೀಗಿಸುತ್ತಾರೆ. ಮುಖ ಮಾತ್ರ ತೋರಿಸುವುದಿಲ್ಲ. ಐವತ್ತು ವರ್ಷ ಬರಿಯ ದನಿ. ಕೊನೆಗೆ ಅವರ ಮುಖಂಡ ಹೊರಬಂದರೆ ಕೊಂಬು, ತೊಗಲಿನ ರೆಕ್ಕೆ, ಬಾಲ! ಸಾಕ್ಷಾತ್ ಸೈತಾನನ ರೂಪ. ಮನುಷ್ಯರ ಆ ಹಳೆಯ ಭಯ ಹಿಂದಿನ ನೆನಪಲ್ಲ, ಮುಂದೆ ಬರಲಿರುವುದರ ಸುಳಿವು ಎನ್ನುತ್ತದೆ ಕತೆ. ಅವರ ಕಣ್ಣೆದುರೇ ಮನುಷ್ಯಕುಲ ಮುಗಿಯುವುದಿತ್ತು. ಮುಗಿಸುವವರು ಅವರಲ್ಲ, ಪಾಪ, ಅವರು ಸಾಕ್ಷಿಗಳಷ್ಟೆ.

ರೇಡಿಯೊಗೆ ಹೇಳಿ ಮಾಡಿಸಿದ ಕತೆಯಿದು. ಮುಖ ಕಾಣದ ದನಿಗೆ ಕೊಂಬು ಮೂಡಿಸುವವರು ಕೇಳುವವರೇ. 1938ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್, ಮಂಗಳ ಗ್ರಹದವರು ದಾಳಿಯಿಟ್ಟ ನಾಟಕವನ್ನು ವಾರ್ತೆಯ ಧಾಟಿಯಲ್ಲಿ ಆಡಿಸಿದಾಗ ಕೆಲವರು ನಿಜವೆಂದೇ ಬೆದರಿದರು. ದೇಶವೇ ಬೀದಿಗೆ ಬಿತ್ತೆಂದು ಪತ್ರಿಕೆಗಳು ಬರೆದದ್ದು ಮಾತ್ರ ಉತ್ಪ್ರೇಕ್ಷೆ ಎನ್ನುತ್ತಾರೆ ಇಂದಿನ ಇತಿಹಾಸಕಾರರು. ‘ನಾಳೆ ಬಾ’ ಸುದ್ದಿಯೂ ಹಾಗೆಯೇ ಬೆಳೆದಿರಬೇಕು.

ನಮ್ಮ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಪಾಠದಲ್ಲಿ ಹೇಳುತ್ತೇವೆ. ಇಲ್ಲಿನ ಇನ್ನೊಂದು ಇತಿಹಾಸವನ್ನು ಹೇಳುವುದು ಕಡಿಮೆ. 2003ರಲ್ಲಿ ಇಲ್ಲಿ ‘ನಮ್ಮ ಧ್ವನಿ’ ಆರಂಭವಾಯಿತು. ಮೈರಾಡ, ವಾಯ್ಸಸ್ ಸಂಸ್ಥೆಗಳ ಜೊತೆಗೆ ಯುನೆಸ್ಕೊ ನೆರವಿತ್ತು. ಸಂಘದ ಹೆಣ್ಣುಮಕ್ಕಳು ಮೈಕು ಹಿಡಿದರು. ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದ್ದರೂ ಇಂಥ ಊರಿನವರಿಗೆ ಪ್ರಸಾರದ ಪರವಾನಗಿ ಇರಲಿಲ್ಲ. ಆದ್ದರಿಂದ ಅವರ ಮಾತು ಕೇಬಲ್ ತಂತಿಯಲ್ಲಿ ಮನೆಮನೆಗೆ ಹೋಯಿತು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಸರ್ಕಾರ ಅವಕಾಶ ಕೊಟ್ಟದ್ದು 2006ರಲ್ಲಿ. ಅಲ್ಲಿಯವರೆಗೆ ಅವರಿಗೂ ಸಿಕ್ಕ ಉತ್ತರ ‘ನಾಳೆ ಬಾ’ ಎಂದೇ.

ಬಾಗಿಲ ಹೊರಗೆ ಹೆಣ್ಣಿನ ದನಿ ಕೇಳಿದರೆ ದೆವ್ವವೆಂದು ನಂಬಿದ ಕಾಲ ದೂರವೇನಿಲ್ಲ. ಗಟ್ಟಿಯಾಗಿ ಮಾತಾಡಿದವಳನ್ನು ಬಜಾರಿ ಎನ್ನುವವರು ಇಂದಿಗೂ ಇದ್ದಾರೆ. ನನ್ನ ತರಗತಿಯ ಹುಡುಗಿಯರು ಪಾಠ ಓದುವಾಗ ದನಿ ತಗ್ಗಿಸಿದರೆ ನಾನು ಸುಮ್ಮನಿರುವುದಿಲ್ಲ. ‘ಇನ್ನೂ ಜೋರಾಗಿ ಓದಮ್ಮ, ಕೊನೆಯ ಬೆಂಚಿಗೂ ಕೇಳಲಿ’ ಎನ್ನುತ್ತೇನೆ.