ಅರಮನೆ ಅಳಿದು ಗುಡಿ ಉಳಿದ ಶಿಲಾಹಾರರು

ಉತ್ತರ ಕೊಂಕಣದ ಶಿಲಾಹಾರರ ರಾಜಧಾನಿ ಸ್ಥಾನಕ, ಅಂದರೆ ಇಂದಿನ ಠಾಣೆ. ಅವರ ಅರಮನೆ ಕಣ್ಣಿಗೆ ಬೀಳುವಂತೆ ಉಳಿದಿಲ್ಲ. ಅವರ ಕಾಲದ ಶಿಲ್ಪವನ್ನು ಕಣ್ತುಂಬ ನೋಡಲು ದಿವಾ, ಡೊಂಬಿವಲಿ, ಕಲ್ಯಾಣ ದಾಟಿ ಅಂಬರನಾಥಕ್ಕೆ ಹೋಗಬಹುದು.

ಈ ಮನೆತನಕ್ಕೆ ಕನ್ನಡದ ನಂಟು ಹಳೆಯದು. ಮೊದಲು ಅವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. 9ನೇ ಶತಮಾನದ ಕಾನ್ಹೇರಿ ಗುಹಾಶಾಸನಗಳಲ್ಲಿ ಒಡೆಯನಾದ ಅಮೋಘವರ್ಷನ ಹೆಸರಿದೆ. ಮುಂದೆ ಸಂಸ್ಕೃತದಲ್ಲಿ ಬರೆಸಿದ ತಾಮ್ರಪಟಗಳಲ್ಲೂ ‘ಮಲಗಲಗಂಡ’ ಎಂಬಂಥ ಕನ್ನಡ ಬಿರುದುಗಳನ್ನು ಅವರು ಬಿಟ್ಟುಕೊಡಲಿಲ್ಲ.

ಅಂಬರನಾಥದ ಶಿವಾಲಯ ವಾಲಧುನಿ ನದಿಯ ದಡದಲ್ಲಿದೆ. ಅಲ್ಲಿನ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060, ಆಗ ಆಳುತ್ತಿದ್ದವನು ಶಿಲಾಹಾರ ಅರಸ ಮುಮ್ಮುಣಿ. ಕಪ್ಪುಕಲ್ಲಿನ ಈ ಗುಡಿ ಭೂಮಿಜ ಶೈಲಿಯದು: ಶಿಖರದ ಮೈಮೇಲೆ ಪುಟ್ಟ ಗೋಪುರಗಳು ಸಾಲುಸಾಲಾಗಿ ಮೇಲೇರುತ್ತವೆ. ಹೊರಗೋಡೆಯಲ್ಲಿ ಬರಿಯ ಜಾಗವೇ ವಿರಳ. ದೇವತೆಗಳು, ಸುರಸುಂದರಿಯರು, ಪೀಠದಲ್ಲಿ ಆನೆಗಳ ಸಾಲು. ಮಳೆಗೆ ಮುಖ ಸವೆದರೂ ನಿಲುವಿನ ಬಳುಕು ಮಾಸಿಲ್ಲ. ಮಂಟಪದಿಂದ ಗರ್ಭಗುಡಿಗೆ ಮೆಟ್ಟಿಲಿಳಿದು ಹೋಗಬೇಕು. ಶಿಖರದ ತುದಿ ಇಲ್ಲವಾದ್ದರಿಂದ ಲಿಂಗದ ಮೇಲೆ ಬಯಲೇ ಚಾವಣಿ. ಗುಡಿ ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಪೂಜೆ ನಿಂತಿಲ್ಲ, ಮಹಾಶಿವರಾತ್ರಿಗೆ ದೊಡ್ಡ ಜಾತ್ರೆ ಸೇರುತ್ತದೆ.