ಇಳಿಯದೆ ತಿರುಗಿದ ವಿಮಾನಗಳು

ಧನುರ್ಮಾಸದ ಬೆಳಗಿನಲ್ಲಿ ಸಮೇತನಹಳ್ಳಿಯ ಹೊಲಗಳ ಮೇಲೆ ಮಂಜು ಕವಿದರೆ ರೈತನಿಗೆ ಹಿಗ್ಗು. ಮಂಜು ಬಿದ್ದಷ್ಟೂ ಅವರೆಕಾಯಿಗೆ ಸೊಗಡು ಹೆಚ್ಚು ಎಂಬುದು ಹೊಸಕೋಟೆ ಸೀಮೆಯವರ ನಂಬಿಕೆ. ಅದೇ ಮಂಜು ಉತ್ತರಕ್ಕಿರುವ ದೇವನಹಳ್ಳಿಯ ವಿಮಾನ ನಿಲ್ದಾಣದ ಮೇಲೂ ಕವಿಯುತ್ತದೆ. ಆಗ ನೆಲದ ಮೇಲಿನ ನಮಗೆ ಏನೂ ಕಾಣದಿದ್ದರೂ, ತಲೆಯ ಮೇಲೆ ಎಲ್ಲೋ ಒಂದು ವಿಮಾನ ಸುತ್ತುವ ಸದ್ದು ಕೇಳುತ್ತದೆ. ಕೆಲವು ಸಲ ಆ ಸದ್ದು ಇಳಿಯುತ್ತ ಉತ್ತರಕ್ಕೆ ಸರಿಯುತ್ತದೆ. ಕೆಲವು ಸಲ ಪೂರ್ವದಿಕ್ಕಿಗೆ, ಚೆನ್ನೈ ಕಡೆಗೆ, ಹೊರಟುಹೋಗುತ್ತದೆ.

ಹೀಗೆ ಇಳಿಯದೆ ತಿರುಗಿಹೋದ ವಿಮಾನಗಳ ಚರಿತ್ರೆಯನ್ನು ಯಾರೂ ಬರೆದಿಟ್ಟಂತಿಲ್ಲ. ಮೊದಲು ಹಾರಿದವರ ಹೆಸರು ನಮಗೆ ಗೊತ್ತು. ಬಿದ್ದುಹೋದವರ ಲೆಕ್ಕವೂ ಗೊತ್ತು. ಇಳಿಯುವುದು ಬೇಡವೆಂದು ತೀರ್ಮಾನಿಸಿ ಬೇರೆ ಊರಿಗೆ ಹೋಗಿ ಸುಖವಾಗಿ ಇಳಿದವನ ಹೆಸರನ್ನು ಯಾವ ಪತ್ರಿಕೆಯೂ ಮರುದಿನ ನೆನೆಯುವುದಿಲ್ಲ.

ಕಥೆಯನ್ನು ಬಳ್ಳಾರಿಯಿಂದ ಆರಂಭಿಸಬಹುದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಟ್ಟದೊಂದು ಪಸ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಟಪಾಲು ತಂದರು. ಅಲ್ಲಿಂದ ಮುಂದಕ್ಕೆ ಅದನ್ನು ಒಯ್ದವನು ನೆವಿಲ್ ವಿನ್ಸೆಂಟ್. ಆತ ಬಳ್ಳಾರಿಯಲ್ಲಿ ರಾತ್ರಿ ತಂಗಿ ಮರುದಿನ ಮದರಾಸು ಸೇರಿದ. ಆ ವಿಮಾನಗಳಲ್ಲಿ ನಿಸ್ತಂತು ಯಂತ್ರವಿರಲಿಲ್ಲ. ನೆಲದ ಮೇಲೆ ದಾರಿ ತೋರುವ ಸಾಧನ ಯಾವುದೂ ಇರಲಿಲ್ಲ. ಹೊಳೆ, ಬೆಟ್ಟ, ರೈಲು ಹಳಿ ಇವೇ ದಾರಿಗುರುತು. ಮೋಡ ಕವಿದರೆ ಕೆಳಗಿಳಿದು ಹಾರಬೇಕು, ಇನ್ನೂ ಕವಿದರೆ ಹಿಂತಿರುಗಬೇಕು, ಕತ್ತಲಾದರೆ ನಿಲ್ಲಬೇಕು. ಮುಂಬಯಿಯ ಜುಹು ಮೈದಾನವಂತೂ ಮಳೆಗಾಲದಲ್ಲಿ ನೀರು ನಿಂತು ನಿರುಪಯೋಗಿಯಾಗುತ್ತಿತ್ತು. ಆಗ ಟಪಾಲು ವಿಮಾನಗಳು ಪುಣೆಗೆ ಬಿಡಾರ ಬದಲಾಯಿಸುತ್ತಿದ್ದುವು. ಇಂದು ಒಂದು ಗಂಟೆಯ ಮಟ್ಟಿಗೆ ನಡೆಯುವ ಮಾರ್ಗಬದಲಾವಣೆ ಅಂದು ಇಡೀ ಒಂದು ಋತುವಿನ ಮಟ್ಟಿಗೆ ನಡೆಯುತ್ತಿತ್ತೆನ್ನಬಹುದು. ಯಾರೂ ಗೊಣಗಿದಂತೆ ತೋರುವುದಿಲ್ಲ. ಟಪಾಲು ಚೀಲಕ್ಕೆ ಬಾಯಿ ಇಲ್ಲವಷ್ಟೆ!

ರಾತ್ರಿಯನ್ನೂ ಮೋಡವನ್ನೂ ದಾಟಿಸಿದ್ದು ರೇಡಿಯೋ. 1949ರ ಜನವರಿ 30ರಂದು ದೇಶದಲ್ಲಿ ರಾತ್ರಿಯ ವಿಮಾನ ಟಪಾಲು ಪ್ರಾರಂಭವಾಯಿತು. ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು ಬೆಳಗಾಗುವುದರೊಳಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದುವು. ಅಂದಿನ ವೈಮಾನಿಕನಿಗೆ ಊರುಗೋಲಾಗಿದ್ದುದು ನೆಲದ ಮೇಲಿನ ಒಂದು ರೇಡಿಯೋ ಕಂಬ. ಅದು ಎಲ್ಲ ದಿಕ್ಕಿಗೂ ಒಂದೇ ಸಮನೆ ಸದ್ದು ಬೀರುತ್ತಿರುತ್ತದೆ. ವಿಮಾನದೊಳಗಿನ ಮುಳ್ಳು ಆ ಕಂಬದ ಕಡೆಗೆ ತಿರುಗಿ ನಿಲ್ಲುತ್ತದೆ. ಇದಕ್ಕೊಂದು ದುರ್ಗುಣವುಂಟು. ಗುಡುಗು ಮಿಂಚಿನ ಮೋಡ ಹತ್ತಿರದಲ್ಲಿದ್ದರೆ ಮುಳ್ಳು ಕಂಬವನ್ನು ಬಿಟ್ಟು ಮಿಂಚಿನ ಕಡೆಗೆ ತಿರುಗಿಬಿಡುತ್ತದೆ! ಯಾವ ಹೊತ್ತಿನಲ್ಲಿ ನೆರವು ಹೆಚ್ಚು ಬೇಕೋ ಆ ಹೊತ್ತಿನಲ್ಲೇ ಅದು ಅಪಾಯದತ್ತ ಬೆರಳು ತೋರುತ್ತದೆ. ಕಂಬದ ಸದ್ದು ನಿಂತುಹೋದರೂ ಅದು ನಿಂತಿತೆಂದು ಮುಳ್ಳು ಹೇಳದು; ವೈಮಾನಿಕ ಕಿವಿಗೊಟ್ಟು ಕೇಳುತ್ತಲೇ ಇರಬೇಕು.

ಆಮೇಲೆ ಬಂದ ಐ. ಎಲ್. ಎಸ್. ಎಂಬ ಸಾಧನ ಹೆಚ್ಚು ಪ್ರಾಮಾಣಿಕವಾದುದು. ಅದು ಎರಡು ರೇಡಿಯೋ ಕಿರಣಗಳನ್ನು ಬೀರುತ್ತದೆ. ಒಂದು ರನ್‌ವೇಯ ನಡುಗೆರೆಯನ್ನು ತೋರಿಸುತ್ತದೆ. ಇನ್ನೊಂದು ಸುಮಾರು ಮೂರು ಡಿಗ್ರಿಯ ಇಳಿಜಾರನ್ನು. ಅದರಲ್ಲಿ ತಪ್ಪು ಕಾಣಿಸಿಕೊಂಡರೆ, ಕಾವಲು ಯಂತ್ರವೊಂದು ತಾನಾಗಿಯೇ ಅದನ್ನು ಆರಿಸಿಬಿಡುತ್ತದೆ. ಸುಳ್ಳು ಹೇಳುವುದಕ್ಕಿಂತ ಮಾತಾಡದಿರುವುದು ಮೇಲೆಂದು ಅದನ್ನು ಕಟ್ಟಿದವರು ತೀರ್ಮಾನಿಸಿದರು. ಸಾಮಾನ್ಯ ದರ್ಜೆಯ ಐ. ಎಲ್. ಎಸ್. ವಿಮಾನವನ್ನು ನೆಲದಿಂದ 200 ಅಡಿ ಎತ್ತರದವರೆಗೆ ಕರೆತರುತ್ತದೆ. ಅಲ್ಲಿ ದೀಪಗಳೋ ರನ್‌ವೇಯೋ ಕಣ್ಣಿಗೆ ಬಿದ್ದರೆ ಇಳಿಯಬಹುದು. ಇಲ್ಲದಿದ್ದರೆ ಆ ಕ್ಷಣವೇ ಮೇಲೇರಬೇಕು. ಆ ಎತ್ತರದಿಂದ ಚಕ್ರ ನೆಲ ಮುಟ್ಟುವುದಕ್ಕೆ ಬೇಕಾದ ಕಾಲ ಹೆಚ್ಚು ಕಡಿಮೆ ಕಾಲು ನಿಮಿಷ.

ವಾಚಕರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಯಂತ್ರ ಕೆಟ್ಟಿದ್ದರೂ ಬಿಸಿಲಿದ್ದರೆ ಪ್ರಯಾಣಿಕನಿಗೆ ಅದು ತಿಳಿಯುವುದೇ ಇಲ್ಲ. ಮೋಡ ತಗ್ಗಿದ್ದರೂ ಯಂತ್ರ ಸರಿಯಾಗಿದ್ದರೆ ಆಗಲೂ ತಿಳಿಯುವುದಿಲ್ಲ. ಮೋಡದ ತಳ 300 ಅಡಿಯಲ್ಲಿದೆಯೆಂದು ಇಟ್ಟುಕೊಳ್ಳೋಣ. ಎರಡೂ ಕಿರಣಗಳಿದ್ದರೆ ವಿಮಾನ ನಿರಾತಂಕವಾಗಿ ಇಳಿಯುತ್ತದೆ. ಇಳಿಜಾರು ತೋರುವ ಕಿರಣವೊಂದನ್ನು ದುರಸ್ತಿಗಾಗಿ ನಿಲ್ಲಿಸಿದ್ದರೆ, ಕಣ್ಣಿಗೆ ರನ್‌ವೇ ಕಾಣದೆ ಇಳಿಯಬಹುದಾದ ಮಿತಿ ನಾನೂರು ಐನೂರು ಅಡಿಗೆ ಏರುತ್ತದೆ. ನಿನ್ನೆ ಇಂಥದೇ ಮೋಡದಲ್ಲಿ ಇಳಿದ ವಿಮಾನ ಇಂದು ಬೇರೆ ಊರಿಗೆ ಹೋಗಬೇಕು. ದೋಷವನ್ನು ಹವೆಯ ಮೇಲೆ ಹೊರಿಸುವುದೋ ಯಂತ್ರದ ಮೇಲೋ? ಪ್ರಯಾಣಿಕರಿಗೆ ಹೇಳುವ ಮಾತಿನಲ್ಲಿ ಸಾಮಾನ್ಯವಾಗಿ ಹವೆಯೇ ತಪ್ಪಿತಸ್ಥ. ಹವೆ ತಿರುಗಿ ಉತ್ತರ ಕೊಡುವುದಿಲ್ಲ, ನೋಡಿ.

ಕರ್ನಾಟಕದಲ್ಲಿ ಈ ಪಾಡನ್ನು ಬೆಂಗಳೂರಿಗಿಂತ ಮೊದಲು, ಹೆಚ್ಚಾಗಿ, ಕಂಡುದು ಮಂಗಳೂರು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಉದ್ಘಾಟಿಸಿದ ಬಜಪೆಯ ನಿಲ್ದಾಣ ಗುಡ್ಡದ ನೆತ್ತಿಯನ್ನು ಮಟ್ಟಮಾಡಿ ಕಟ್ಟಿದ್ದು. ರನ್‌ವೇ ಸುಮಾರು 1,600 ಮೀಟರು. ಅಂಚು ದಾಟಿದರೆ ಕಣಿವೆ. ಆಷಾಢ ಶ್ರಾವಣಗಳಲ್ಲಿ ಕಡಲಿನಿಂದೆದ್ದ ಮೋಡ ನೇರವಾಗಿ ಆ ನೆತ್ತಿಯನ್ನೇ ತಬ್ಬಿಕೊಳ್ಳುತ್ತದೆ. 1981ರ ಆಗಸ್ಟ್ 19ರಂದು ಅವ್ರೋ ವಿಮಾನವೊಂದು ಒದ್ದೆ ರನ್‌ವೇಯನ್ನು ದಾಟಿ ಅಂಚಿನಲ್ಲಿ ನಿಂತಿತು. ಒಳಗಿದ್ದ ವೀರಪ್ಪ ಮೊಯಿಲಿಯವರೂ ಉಳಿದ ಪ್ರಯಾಣಿಕರೂ ಬದುಕಿ ಉಳಿದರು. 2,450 ಮೀಟರಿನ ಹೊಸ ರನ್‌ವೇ ಬಂದದ್ದು 2006ರಲ್ಲಿ. ಆದರೂ ಮಳೆಗಾಲದಲ್ಲಿ ಮಂಗಳೂರಿಗೆಂದು ಹೊರಟವರು ಬೆಂಗಳೂರನ್ನೋ ಕೊಚ್ಚಿಯನ್ನೋ ಕಲ್ಲಿಕೋಟೆಯನ್ನೋ ಕಾಣುವುದು ತಪ್ಪಲಿಲ್ಲ.

ಇನ್ನು ನನ್ನದೇ ಒಂದು ಅನುಭವ. ಕೆಲವು ವರ್ಷಗಳ ಹಿಂದೆ ಜನವರಿಯ ಒಂದು ಮುಂಜಾನೆ ನಾನು ಬೆಂಗಳೂರಿಗೆ ಬರುತ್ತಿದ್ದ ವಿಮಾನ ಮುಕ್ಕಾಲು ಗಂಟೆ ಸುತ್ತಿ, ಕೊನೆಗೆ ಚೆನ್ನೈನಲ್ಲಿ ಇಳಿಯಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಕೇಳಿದರು: “ಯಾವೂರಪ್ಪಾ ಇದು? ನಮ್ಮೂರು ಬಂತಾ?”

“ಇಲ್ಲಜ್ಜಿ, ಚೆನ್ನೈ. ಬೆಂಗಳೂರಿನಲ್ಲಿ ಮಂಜಂತೆ.”

“ಮಂಜಾದ್ರೇನು? ಕೋಲಾರದ ಬಸ್ಸು ಲೈಟು ಹಾಕ್ಕೊಂಡು ಬರಲ್ವಾ?”

ಅಜ್ಜಿಯ ಪ್ರಶ್ನೆಗೆ ನಗುವವರೇ ಹೆಚ್ಚು. ಪ್ರಶ್ನೆ ಮಾತ್ರ ನ್ಯಾಯವಾದುದೇ. ಬಸ್ಸು ನಿಧಾನ ಮಾಡಬಹುದು, ನಿಲ್ಲಲೂಬಹುದು. ವಿಮಾನಕ್ಕೆ ನಿಲ್ಲುವ ಸೌಕರ್ಯವಿಲ್ಲ. ಇಳಿಯುವ ಹೊತ್ತಿನಲ್ಲೂ ಅದು ಗಂಟೆಗೆ ಇನ್ನೂರೈವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಓಡಲೇಬೇಕು. ಅಷ್ಟರಲ್ಲಿ ಹಿಂದಿನ ಸಾಲಿನ ಮಹನೀಯರೊಬ್ಬರು ಎದ್ದು, “ಇನ್ನೊಂದು ಸಲ ಪ್ರಯತ್ನ ಮಾಡಬಾರದಿತ್ತೇನ್ರೀ ನಿಮ್ಮ ಕ್ಯಾಪ್ಟನ್?” ಎಂದು ಪರಿಚಾರಿಕೆಯನ್ನು ಗದರಿಸಿದರು. ಸುತ್ತಲಿದ್ದ ಹಲವರು ತಲೆಯಾಡಿಸಿದರು.

ಆ ಪ್ರಯತ್ನವನ್ನು ಮಾಡಿದವರೂ ಚರಿತ್ರೆಯಲ್ಲಿ ಇದ್ದಾರೆ. 1973ರ ಮೇ 31ರ ರಾತ್ರಿ ಮದರಾಸಿನಿಂದ ದೆಹಲಿಗೆ ಹೋದ ಇಂಡಿಯನ್ ಏರ್‌ಲೈನ್ಸಿನ ಬೋಯಿಂಗ್ ವಿಮಾನ, ಪಾಲಂ ನಿಲ್ದಾಣದ ಮೇಲೆ ಧೂಳುಗಾಳಿ ಎದ್ದಿದ್ದಾಗ ಇಳಿಯತೊಡಗಿತು. ನೆರವಿಗಿದ್ದುದು ಮೇಲೆ ಹೇಳಿದ ಮುಳ್ಳು ತಿರುಗಿಸುವ ಕಂಬದ ವಿಧಾನ. ರನ್‌ವೇ ಕಾಣದಿದ್ದರೂ ಮಿತಿಯನ್ನು ಮೀರಿ ಕೆಳಗಿಳಿದ ವಿಮಾನ ವಿದ್ಯುತ್ ತಂತಿಗಳಿಗೆ ಬಡಿಯಿತು. ಒಳಗಿದ್ದ 65 ಮಂದಿಯಲ್ಲಿ 48 ಮಂದಿ ತೀರಿಕೊಂಡರು. ಅವರಲ್ಲೊಬ್ಬರು ಕೇಂದ್ರ ಸಚಿವ ಮೋಹನ ಕುಮಾರಮಂಗಲಂ. 1988ರ ಅಕ್ಟೋಬರ್ 19ರ ಬೆಳಿಗ್ಗೆ ಅಹಮದಾಬಾದಿನಲ್ಲಿ, ಕಣ್ಣಳವು ಕುಗ್ಗುತ್ತಿದ್ದಾಗ ಇಳಿಯಲು ಹೋದ ಇನ್ನೊಂದು ಬೋಯಿಂಗ್ ಮರಗಳಿಗೆ ತಗುಲಿತು. 135 ಮಂದಿಯಲ್ಲಿ 133 ಮಂದಿ ಬದುಕಲಿಲ್ಲ. ಚೆನ್ನೈನಲ್ಲಿ ಕೂತು ಕಾಫಿಗಾಗಿ ಜಗಳವಾಡುವ ಅವಕಾಶ ಅವರಿಗೆ ಸಿಗಲಿಲ್ಲ. ಅಂದು ನಮ್ಮನ್ನು ತಿರುಗಿಸಿದ ಕ್ಯಾಪ್ಟನನ ಮುಖವನ್ನು ನಾನು ನೋಡಲಿಲ್ಲ. ಇಳಿಯುವಾಗ ಆ ಬಾಗಿಲು ಮುಚ್ಚಿತ್ತು.

ಬೆಂಗಳೂರಿನ ವಿಮಾನ ಚೆನ್ನೈವರೆಗೆ, ಎಂದರೆ ಸುಮಾರು 270 ಕಿಲೋಮೀಟರು, ಏಕೆ ಹೋಗಬೇಕು? ನಮ್ಮೂರಿನ ಪಶ್ಚಿಮಕ್ಕೆ ಕಾಡುಗೋಡಿ, ಕುಂದಲಹಳ್ಳಿಗಳ ಆಚೆ ಎಚ್. ಎ. ಎಲ್. ನಿಲ್ದಾಣ ಇದ್ದೇ ಇದೆಯಲ್ಲ? 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದಾಗ ಸಾಮಾನ್ಯ ಪ್ರಯಾಣಿಕರ ವಿಮಾನಗಳಿಗೆ ಅಲ್ಲಿನ ಬಾಗಿಲು ಮುಚ್ಚಿತು. ಅದಕ್ಕೂ ಮುಂಚೆ, 2004ರ ಒಪ್ಪಂದದಲ್ಲೇ, 150 ಕಿಲೋಮೀಟರಿನೊಳಗೆ 25 ವರ್ಷಗಳ ಕಾಲ ಪ್ರತಿಸ್ಪರ್ಧಿ ನಿಲ್ದಾಣ ಕೂಡದೆಂಬ ಕರಾರಾಗಿತ್ತು. ಜನ ಇದನ್ನು ಕಂಡು ಸಿಡುಕುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಆ ಸಿಡುಕು ಅರ್ಧ ಸರಿ. ಚಳಿಗಾಲದ ಮಂಜಿಗೆ ಎಚ್. ಎ. ಎಲ್. ಮದ್ದಲ್ಲ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ತಣ್ಣಗಾಗಿ, ಅದರ ಮೇಲಿನ ತೇವದ ಗಾಳಿ ಮಂಜಾಗುತ್ತದೆ; ಸುಮಾರು 3,000 ಅಡಿ ಎತ್ತರದ ಈ ಪ್ರಸ್ಥಭೂಮಿಯಲ್ಲಿ ಒಂದೇ ಕಂಬಳಿ ಎರಡು ನಿಲ್ದಾಣಗಳನ್ನೂ ಹೊದ್ದಿಸಬಲ್ಲದು. ಬೇಸಿಗೆಯ ಗುಡುಗು ಮಳೆಯ ಮಾತು ಬೇರೆ. ದೇವನಹಳ್ಳಿಯಲ್ಲಿ ಸುರಿಯುವಾಗ ಇಪ್ಪತ್ತು ಮೈಲಿ ದೂರದಲ್ಲಿ ಬಿಸಿಲಿರಬಹುದು. 2023ರ ಏಪ್ರಿಲ್ 4ರ ಸಂಜೆ ಅಂಥ ಮಳೆಯಲ್ಲಿ, ಒಂದು ಗಂಟೆಯೊಳಗೆ 14 ವಿಮಾನಗಳು ತಿರುಗಿಹೋದುವು. 12 ಚೆನ್ನೈಗೆ, ಒಂದು ಕೊಯಮತ್ತೂರಿಗೆ, ಒಂದು ಹೈದರಾಬಾದಿಗೆ. ಹೀಗೆ ತಿರುಗಬೇಕಾದೀತೆಂದೇ ಪ್ರತಿ ವಿಮಾನವೂ ಬದಲಿ ಊರು ಮುಟ್ಟುವಷ್ಟು ಇಂಧನವನ್ನೂ, ಅದರ ಮೇಲೆ ಇನ್ನರ್ಧ ಗಂಟೆಯ ಇಂಧನವನ್ನೂ ಹೊತ್ತು ಹೊರಡುತ್ತದೆ. ಅಲ್ಲಿ ಮುಟ್ಟಿದ ಮೇಲೆ ಸಿಬ್ಬಂದಿಯ ದುಡಿಮೆಯ ಅವಧಿ ಮುಗಿದರೆ ಬೇರೆಯವರು ಬರುವವರೆಗೆ ಕಾಯಬೇಕು. ಅದೇ ಪ್ರಯಾಣಿಕನ ತಾಳ್ಮೆ ತಪ್ಪುವ ಘಟ್ಟ.

ಮಂಜಿಗೆ ಮದ್ದನ್ನು ದೇವನಹಳ್ಳಿಯಲ್ಲೇ ಹುಡುಕಿದರು. 2019ರ ಡಿಸೆಂಬರಿನಲ್ಲಿ ತೆರೆದ ದಕ್ಷಿಣದ ರನ್‌ವೇಗೆ ಆಮೇಲೆ ಕ್ಯಾಟ್-3ಬಿ ಎಂಬ ಮೇಲುದರ್ಜೆಯ ಸಾಧನ ಬಂತು. ಮೊದಲು 550 ಮೀಟರಾದರೂ ಕಾಣಬೇಕಿತ್ತು; ಇದರಲ್ಲಿ 50 ಮೀಟರು ಕಂಡರೂ ಇಳಿಯಬಹುದು. ಆದರೆ ಅದಕ್ಕೆ ವಿಮಾನವೂ ಯೋಗ್ಯವಾಗಿರಬೇಕು, ನಡೆಸುವವರಿಬ್ಬರಿಗೂ ತರಬೇತಿಯಾಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಚೆನ್ನೈಯೇ ಗತಿ.

ಮೇಲೆ ಕುಂದಲಹಳ್ಳಿಯ ಹೆಸರು ಬಂತು. ಸಮೇತನಹಳ್ಳಿಯಿಂದ ಒಂದು ಗಾವುದದೊಳಗಿರುವ ಆ ಸ್ಥಳದಲ್ಲೇ ‘ಗಗನ್’ ಎಂಬ ಉಪಗ್ರಹ ಮಾರ್ಗದರ್ಶಕ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕೂಡಿ ಕಟ್ಟಿದ್ದು. ದೇಶದ ಹಲವೆಡೆಯ ನೆಲೆಗಳು ಜಿ. ಪಿ. ಎಸ್. ಸಂಜ್ಞೆಯ ತಪ್ಪನ್ನು ಅಳೆದು ಕಳಿಸುತ್ತವೆ. ತಿದ್ದುಪಡಿಯನ್ನು ಉಪಗ್ರಹದ ಮೂಲಕ ವಿಮಾನಗಳಿಗೆ ಮುಟ್ಟಿಸುತ್ತಾರೆ. ಕಾಂತೀಯ ಸಮಭಾಜಕ ರೇಖೆ ದಕ್ಷಿಣ ಭಾರತವನ್ನು ಹಾದುಹೋಗುವುದರಿಂದ ನಮ್ಮ ಮೇಲಿನ ಅಯಾನುಮಂಡಲ ಬಲು ಚಂಚಲ. ಆದಕಾರಣ ಈ ತಿದ್ದುಪಡಿ ಇಲ್ಲಿ ಸುಲಭದ ಕೆಲಸವಾಗಿರಲಿಲ್ಲ. 2022ರ ಏಪ್ರಿಲ್ 28ರಂದು ಇಂಡಿಗೋ ಸಂಸ್ಥೆಯ ವಿಮಾನವೊಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆರವಿನಿಂದ ಇಳಿಯಿತು. ನೆಲದ ಮೇಲೆ ಕಂಬವಿಲ್ಲದ ಸಣ್ಣ ಊರಿಗೂ ಇಳಿಜಾರಿನ ದಾರಿ ಸಿಕ್ಕಂತಾಯಿತು.

ಹಾಗಾದರೆ ಹಳೆಯ ಕಂಬಗಳನ್ನು ಕಿತ್ತು ಗುಜರಿಗೆ ಹಾಕಬಹುದೆಂದು ಯಾರಿಗಾದರೂ ತೋರಬಹುದು. 2025ರ ನವೆಂಬರಿನಲ್ಲಿ ದೆಹಲಿಯ 10ನೆಯ ರನ್‌ವೇಗೆ ಉಪಗ್ರಹವನ್ನು ನಂಬಿ ಇಳಿಯುತ್ತಿದ್ದ ಕೆಲವು ವಿಮಾನಗಳಿಗೆ ಯಾರೋ ಬೀರಿದ ಸುಳ್ಳು ಸಂಜ್ಞೆಗಳು ಸಿಕ್ಕಿದುವು. ಆ ಬಗೆಯ ವರದಿಗಳು ಬೆಂಗಳೂರೂ ಸೇರಿ ಬೇರೆ ನಿಲ್ದಾಣಗಳಿಂದಲೂ ಬಂದಿವೆಯೆಂದು ಡಿಸೆಂಬರ್ 1ರಂದು ಸರ್ಕಾರ ರಾಜ್ಯಸಭೆಗೆ ತಿಳಿಸಿತು. ದೆಹಲಿಯ ಉಳಿದ ರನ್‌ವೇಗಳಲ್ಲಿ ಹಳೆಯ ಸಾಧನಗಳು ಕೆಲಸ ಮಾಡುತ್ತಿದ್ದುದರಿಂದ ಅಲ್ಲಿ ತೊಂದರೆಯಾಗಲಿಲ್ಲ. ನೆಲದ ಕಂಬಗಳ ಒಂದು ಕನಿಷ್ಠ ಜಾಲವನ್ನು ದೇಶದಲ್ಲಿ ಉಳಿಸಿಕೊಳ್ಳಲಾಗಿದೆ ಎಂಬ ಮಾತೂ ಆ ಉತ್ತರದಲ್ಲಿತ್ತು.