ಮಸೂರವಿಲ್ಲದ ಕ್ಯಾಮೆರಾ: ಮರೀನಾದ ಬೆಳಕಿನಲ್ಲಿ ಒಂದು ಪರಿಶೀಲನೆ

ಮಸೂರವೇ ಇಲ್ಲದ ಕ್ಯಾಮೆರಾದಿಂದ ಕಣ್ಣಿಗೆ ಒಪ್ಪುವ ಚಿತ್ರ ಪಡೆಯಬಹುದೆಂದು ತೋರಿಸಿದ ಮುಖ್ಯ ಕೆಲಸಗಳಲ್ಲಿ ಒಂದಕ್ಕೆ ಚೆನ್ನೈನ ನಂಟಿದೆ. ಐಐಟಿ ಮದ್ರಾಸಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದ ಕೌಶಿಕ್ ಮಿತ್ರ ಮತ್ತು ಅವರ ವಿದ್ಯಾರ್ಥಿಗಳು ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರ ಜತೆ ಸೇರಿ ರೂಪಿಸಿದ ‘ಫ್ಲಾಟ್‌ನೆಟ್’ ವಿಧಾನ 2019–20ರಲ್ಲಿ ಪ್ರಕಟವಾಯಿತು. ಇದಕ್ಕೆ ಬುನಾದಿ 2015ರಲ್ಲಿ ರೈಸ್ ಮತ್ತು ಕಾರ್ನೆಗಿ ಮೆಲನ್ ಸಂಶೋಧಕರು ಮಾಡಿ ತೋರಿಸಿದ ‘ಫ್ಲಾಟ್‌ಕ್ಯಾಮ್’. ದಿನನಿತ್ಯ ಫೋಟೋ ತೆಗೆಯುವ ಸಾಮಾನ್ಯ ಜನ ಇಂಥ ಕ್ಯಾಮೆರಾವನ್ನು ತಮ್ಮದಾಗಿಸಿಕೊಳ್ಳುವರೇ ಎಂಬುದಷ್ಟೇ ಇಲ್ಲಿ ನಾನು ಎತ್ತಿಕೊಂಡಿರುವ ಪ್ರಶ್ನೆ. ಉತ್ತರವನ್ನು ಪ್ರಯೋಗಾಲಯದ ಅಂಕಿಗಳಲ್ಲಿ ಹುಡುಕುವ ಬದಲು ಮದರಾಸಿನ ಛಾಯಾಗ್ರಹಣದ ಚರಿತ್ರೆಯಲ್ಲೂ ಇಲ್ಲಿನ ಕಡಲತೀರದ ಬೆಳಕಿನಲ್ಲೂ ಹುಡುಕಿದ್ದೇನೆ.

ಮೊದಲು ಈ ಕ್ಯಾಮೆರಾ ಕೆಲಸ ಮಾಡುವ ಬಗೆ. ಮಸೂರವಿದ್ದಾಗ ಎದುರಿನ ದೃಶ್ಯದ ಒಂದೊಂದು ಬಿಂದುವಿನ ಬೆಳಕೂ ಸೆನ್ಸರಿನ ಮೇಲೆ ತನ್ನದೇ ಜಾಗದಲ್ಲಿ ಬಂದು ಕೂಡುತ್ತದೆ. ಮಸೂರ ತೆಗೆದು, ಸೆನ್ಸರಿಗೆ ಬಹಳ ಹತ್ತಿರದಲ್ಲಿ ಸಣ್ಣ ಸಣ್ಣ ಕಂಡಿಗಳ ವಿನ್ಯಾಸವುಳ್ಳ ಮಾಸ್ಕ್ ಇಟ್ಟರೆ, ಪ್ರತಿ ಬಿಂದುವೂ ಆ ವಿನ್ಯಾಸದ ನೆರಳನ್ನು ಇಡೀ ಸೆನ್ಸರಿನ ಮೇಲೆ ಚೆಲ್ಲುತ್ತದೆ. ಸೆನ್ಸರ್ ದಾಖಲಿಸುವುದು ಈ ಎಲ್ಲ ನೆರಳುಗಳ ಒಟ್ಟು ಮೊತ್ತವನ್ನು. ಬರಿಗಣ್ಣಿಗೆ ಅದು ಮಬ್ಬು ಕಲೆ. ಅದರಲ್ಲಿ ಮುಖವೂ ಇಲ್ಲ, ಮರವೂ ಇಲ್ಲ. ಮಾಸ್ಕಿನ ವಿನ್ಯಾಸ ಗೊತ್ತಿರುವುದರಿಂದ ಗಣಿತದ ಮೂಲಕ ಹಿಂದಕ್ಕೆ ಹೋಗಿ ದೃಶ್ಯವನ್ನು ಬಿಡಿಸಬಹುದು. ಹೀಗೆ ಬಿಡಿಸಿದ ಚಿತ್ರದಲ್ಲಿ ಗೊಜಲು (ನಾಯ್ಸ್), ಕಾಳುಕಾಳು ಬಹಳ. ಫ್ಲಾಟ್‌ನೆಟ್ ಮಾಡಿದ್ದು ಎರಡು ಹಂತದ ಕೆಲಸ: ಬಿಡಿಸುವ ಗಣಿತವನ್ನೇ ಉದಾಹರಣೆಗಳಿಂದ ಕಲಿಯುವುದು, ಆಮೇಲೆ ಬಂದ ಒರಟು ಚಿತ್ರವನ್ನು ನರಜಾಲದ (ನ್ಯೂರಲ್ ನೆಟ್‌ವರ್ಕ್) ಮೂಲಕ ಸಹಜವಾಗಿ ಕಾಣುವಂತೆ ತಿದ್ದುವುದು. ಕಲಿಕೆಗೆ ಬೇಕಾದ ಉದಾಹರಣೆಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಸಾವಿರಾರು ಚಿತ್ರಗಳನ್ನು ತೋರಿಸಿ, ಅವನ್ನು ಮಸೂರವಿಲ್ಲದ ಕ್ಯಾಮೆರಾದಿಂದ ಸೆರೆಹಿಡಿದು ಸಿದ್ಧಪಡಿಸಿದರು. ಈ ಸಂಗತಿ ಮುಂದೆ ಬೇಕಾಗುತ್ತದೆ.

ಮಾಸ್ಕಿನ ಯೋಚನೆ ಹೊಸದಲ್ಲ. 1968ರ ಹೊತ್ತಿಗೇ ಎಕ್ಸ್-ರೇ ಖಗೋಳವಿಜ್ಞಾನಕ್ಕಾಗಿ ಅದನ್ನು ಮುಂದಿಟ್ಟಿದ್ದರು. 2015ರ ಸೆಪ್ಟೆಂಬರ್ 28ರಂದು ಚೆನ್ನೈಗೆ ಉತ್ತರದಲ್ಲಿರುವ ಶ್ರೀಹರಿಕೋಟಾದಿಂದ ಮೇಲೇರಿದ ನಮ್ಮ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನಲ್ಲಿ ಸಿಜೆಡ್‌ಟಿಐ ಎಂಬ ಉಪಕರಣವಿದೆ. ಅದರ ಮಾಸ್ಕ್ ಅರ್ಧ ಮಿಲಿಮೀಟರ್ ದಪ್ಪದ ಟ್ಯಾಂಟಲಮ್ ತಗಡು. ಹೆಚ್ಚು ಶಕ್ತಿಯ ಎಕ್ಸ್-ಕಿರಣಗಳನ್ನು ಗಾಜಿನ ಮಸೂರ ಬಾಗಿಸಲಾರದು, ಹಾಗಾಗಿ ಅಲ್ಲಿ ಮಾಸ್ಕ್ ಅನಿವಾರ್ಯ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಅಂಥ ಅನಿವಾರ್ಯವಿಲ್ಲ. ಫೋನಿನ ಬೆನ್ನ ಮೇಲೆ ಉಬ್ಬಿಕೊಂಡಿರುವ ಕ್ಯಾಮೆರಾ ಚಪ್ಪಟೆಯಾಗುತ್ತದೆ, ತೂಕ ಇಳಿಯುತ್ತದೆ, ಮಸೂರದ ಖರ್ಚು ಉಳಿಯುತ್ತದೆ ಎಂಬುದು ನಿಜವಾದ ಲಾಭವೇ. ಆದರೆ ಕೊಳ್ಳುವವರು ಅದಕ್ಕಾಗಿ ಚಿತ್ರದ ಗುಣವನ್ನು ಬಿಟ್ಟುಕೊಟ್ಟಾರೇ?

ಹತ್ತಿರದ ನಿದರ್ಶನ ಲೈಟ್ರೋ. ಸ್ಟ್ಯಾನ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದ ರೆನ್ ಎಂಗ್ ಕಟ್ಟಿದ ಈ ಕಂಪನಿ 2012ರಲ್ಲಿ 399 ಡಾಲರಿನಿಂದ ಶುರುವಾಗುವ ಕ್ಯಾಮೆರಾ ಮಾರಿತು. ಬೆಳಕು ಬಂದ ದಿಕ್ಕನ್ನೂ ಅದು ದಾಖಲಿಸುತ್ತಿತ್ತು, ಆದ್ದರಿಂದ ಫೋಟೋ ತೆಗೆದಮೇಲೂ ಫೋಕಸ್ ಬದಲಿಸಬಹುದಿತ್ತು. ಅದಕ್ಕೆ ತೆತ್ತ ಬೆಲೆ ಸ್ಪಷ್ಟತೆ: 110 ಲಕ್ಷ ಕಿರಣಗಳ ದಾಖಲೆಯಿಂದ ಕೊನೆಗೆ ಸಿಗುತ್ತಿದ್ದ ಚಿತ್ರ ಸುಮಾರು ಒಂದು ಮೆಗಾಪಿಕ್ಸೆಲ್. 2018ರಲ್ಲಿ ಕಂಪನಿ ಬಾಗಿಲು ಹಾಕಿತು. ಅಷ್ಟರಲ್ಲಿ ಹಿನ್ನೆಲೆ ಮಬ್ಬಾಗಿಸಿ ಮುಖವನ್ನು ಎತ್ತಿ ತೋರಿಸುವ ಪೋರ್ಟ್ರೇಟ್ ಮೋಡ್ ಫೋನುಗಳಿಗೇ ಬಂದಿತ್ತು. ಫೋಕಸ್ಸನ್ನು ಆಮೇಲೆ ಬದಲಿಸುವ ಸ್ವಾತಂತ್ರ್ಯ ಜನರಿಗೆ ಅಷ್ಟೇನೂ ಬೇಕಿರಲಿಲ್ಲ. ತೆಗೆದ ಕ್ಷಣವೇ ಮುಖ ಚೆನ್ನಾಗಿ ಬರಬೇಕಿತ್ತು.

ಮುಖ ಚೆನ್ನಾಗಿ ಬರಬೇಕೆಂಬ ಈ ಬೇಡಿಕೆಯೇ ಮದರಾಸಿನಲ್ಲಿ ಇದಕ್ಕೂ ಹಿಂದೆ ಒಂದು ತಂತ್ರವನ್ನು ಸೋಲಿಸಿದೆ ಎಂಬುದು ನನ್ನ ಮುಖ್ಯ ವಾದ. ಮದರಾಸು ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಮರುವರ್ಷ ಮದರಾಸಿನ ಪ್ರದರ್ಶನದಲ್ಲಿ ಅವು ಮನ್ನಣೆ ಪಡೆದವು. 1856ರಲ್ಲಿ ಅವನನ್ನು ಮದರಾಸು ಪ್ರೆಸಿಡೆನ್ಸಿಯ ಸರ್ಕಾರಿ ಛಾಯಾಗ್ರಾಹಕನನ್ನಾಗಿ ನೇಮಿಸಿದರು. 1857–58ರ ಚಳಿಗಾಲದಿಂದ ಬೇಸಿಗೆಯವರೆಗೆ ಶ್ರೀರಂಗಂ, ಮದುರೆ, ತಂಜಾವೂರು ಸುತ್ತಿ ಅವನು ಮಾಡಿದ ಕೆಲಸಕ್ಕೆ ಇಂದಿಗೂ ಸಾಟಿ ಕಡಿಮೆ.

ಅವನು ಹೆಚ್ಚಾಗಿ ನೆಚ್ಚಿಕೊಂಡದ್ದು ಗುಸ್ತಾವ್ ಲ ಗ್ರೇ 1851ರಲ್ಲಿ ರೂಪಿಸಿದ ಮೇಣಕಾಗದದ ವಿಧಾನವನ್ನು. ಅದೇ ವರ್ಷ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲಿನ ಹಸಿ ಕೊಲೋಡಿಯನ್ ವಿಧಾನವನ್ನು ಪ್ರಕಟಿಸಿದ್ದ. ನಮ್ಮ ಹವೆಗೆ ಯಾವುದು ಹೊಂದುತ್ತದೆ ಎಂದು ಕೇಳಿದರೆ ಕಾಗದವೇ ಅನ್ನಬೇಕು. ಅದನ್ನು ಮುಂಚೆಯೇ ಸಿದ್ಧಮಾಡಿ ಇಟ್ಟುಕೊಳ್ಳಬಹುದು, ಎತ್ತಿನ ಗಾಡಿಯಲ್ಲಿ ಒಡೆಯದು, ಡೆವಲಪ್ ಮಾಡಲು ಬಿಡಾರಕ್ಕೆ ಮರಳುವವರೆಗೆ ಕಾಯುತ್ತದೆ. ಕೊಲೋಡಿಯನ್ನಿನಲ್ಲಿ ಈಥರ್ ಇದೆ. ಮದರಾಸಿನ ಸೆಕೆಗೆ ಅದು ಹಾರಿಹೋಗುತ್ತದೆ, ಗಾಜು ಒಣಗುವ ಮುನ್ನ ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಸಬೇಕು. ಹಾಗಿದ್ದೂ ಊರಿನ ಸ್ಟುಡಿಯೋಗಳು ಹಿಡಿದದ್ದು ಕೊಲೋಡಿಯನ್ನನ್ನೇ. ಮೇಣಕಾಗದಕ್ಕೆ ನಿಮಿಷಗಟ್ಟಲೆ ಬೆಳಕು ಬೇಕು. ಗುಡಿಯ ಗೋಪುರ ಅಷ್ಟು ಹೊತ್ತು ನಿಲ್ಲುತ್ತದೆ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ ನಿಲ್ಲಲಾರಳು. ಗಾಜಿನ ಮೇಲೆ ಕೆಲವೇ ಸೆಕೆಂಡುಗಳಲ್ಲಿ ಮುಖ ಮೂಡುತ್ತಿತ್ತು, ಅದೂ ಕಾಗದದ ನಾರಿನ ಒರಟು ಇಲ್ಲದೆ. ಗೌರ್ನರ್ ಚಾರ್ಲ್ಸ್ ಟ್ರೆವೆಲಿಯನ್ 1859ರಲ್ಲಿ ಖರ್ಚಿನ ಕಾರಣ ಕೊಟ್ಟು ಟ್ರೈಪನ ಕೆಲಸ ನಿಲ್ಲಿಸಿದಾಗ ಮೇಣಕಾಗದದ ಕೈ ಹಿಡಿಯಲು ಜನರ ಪೇಟೆ ಇರಲಿಲ್ಲ.

ಈಗ ಚೆನ್ನೈನ ಮರೀನಾ ಕಡಲತೀರಕ್ಕೆ ಬರೋಣ. ಕೊರಳಿಗೆ ಕ್ಯಾಮೆರಾ, ಕೈಯಲ್ಲಿ ಮಾದರಿ ಫೋಟೋಗಳ ಆಲ್ಬಮ್ ಹಿಡಿದು, ಸ್ಥಳದಲ್ಲೇ ಪ್ರಿಂಟ್ ಕೊಡುವ ಛಾಯಾಗ್ರಾಹಕರು ಅಲ್ಲಿದ್ದಾರೆ. ಅವರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಫೋನ್ ಹಿಡಿದ ಮನೆಮಂದಿ ಇದ್ದಾರೆ. ಎಲ್ಲರಿಗೂ ಹಿಂದೆ ಸಮುದ್ರ ಕಾಣಬೇಕು, ಮುಂದೆ ಮುಖ ಬೆಳಗಬೇಕು. ಸಂಜೆ ಇದು ಸುಲಭ. ಸೂರ್ಯ ಊರಿನ ಕಡೆ ಇಳಿಯುವುದರಿಂದ ಬೆಳಕು ನೇರ ಮುಖಕ್ಕೆ ಬೀಳುತ್ತದೆ. ಕಷ್ಟವಿರುವುದು ಬೆಳಗ್ಗೆ. ಸಮುದ್ರಕ್ಕೆ ಬೆನ್ನು ಮಾಡಿ ನಿಂತವರ ಹಿಂದೆಯೇ ಸೂರ್ಯ ಹುಟ್ಟುತ್ತಾನೆ, ಮುಖ ಕಪ್ಪಾಗುತ್ತದೆ.

ಮಸೂರವಿದ್ದರೆ ಸೂರ್ಯನ ಬೆಳಕು ಬಹುಪಾಲು ಸೆನ್ಸರಿನ ಒಂದೇ ಜಾಗದಲ್ಲಿ ಸೇರುತ್ತದೆ. ಆ ಜಾಗ ಬೆಳ್ಳಗೆ ಸುಟ್ಟುಹೋದರೂ ಮುಖ ಬೀಳುವ ಜಾಗ ಬಹುಮಟ್ಟಿಗೆ ಉಳಿಯುತ್ತದೆ. ಹಲವು ಎಕ್ಸ್‌ಪೋಷರ್‌ಗಳನ್ನು ಬೆರೆಸಿ ಫೋನ್ ಅದನ್ನು ಎತ್ತಿಕೊಳ್ಳುತ್ತದೆ. ಮಸೂರವಿಲ್ಲದಿದ್ದರೆ ಸೂರ್ಯನೂ ತನ್ನ ನೆರಳಿನ ವಿನ್ಯಾಸವನ್ನು ಸೆನ್ಸರಿನ ಉದ್ದಗಲಕ್ಕೆ ಹರಡುತ್ತಾನೆ. ಮುಖದಿಂದ ಬಂದ ಕ್ಷೀಣ ಬೆಳಕು ಆ ಭಾರೀ ಮೊತ್ತದೊಳಗೆ ಬೆರೆತುಹೋಗುತ್ತದೆ, ಮೊತ್ತಕ್ಕೆ ತಕ್ಕಂತೆ ಗೊಜಲೂ ಏರುತ್ತದೆ. ಇದು ಭೌತವಿಜ್ಞಾನದ ಅಡ್ಡಿ, ಪ್ರೊಸೆಸರ್ ಚುರುಕಾದ ಮಾತ್ರಕ್ಕೆ ತಪ್ಪುವಂಥದ್ದಲ್ಲ. ಪರದೆಯ ಮೇಲಿನ ಚಿತ್ರಗಳಲ್ಲಿ ಅತಿ ಬೆಳಕಿನ ಜಾಗಕ್ಕೂ ಅತಿ ಕತ್ತಲ ಜಾಗಕ್ಕೂ ಇರುವ ಅಂತರ ಕಡಲ ಸೂರ್ಯೋದಯದಲ್ಲಿರುವ ಅಂತರದ ಹತ್ತಿರವೂ ಬರುವುದಿಲ್ಲ. ಪರದೆಯೆದುರು ಕಲಿತ ಜಾಲಕ್ಕೆ ಮರೀನಾದ ಬೆಳಗು ಅತ್ಯಂತ ಕಠಿಣ ಪರೀಕ್ಷೆ.

ಗೊಜಲಿನಲ್ಲಿ ಮುಳುಗಿದ ಮುಖವನ್ನು ನರಜಾಲ ತಾನೇ ತುಂಬಿಸಿಕೊಟ್ಟರೆ? ಕೊಡಬಲ್ಲದು. ಆಗ ಹುಬ್ಬಿನ ಒಂದಷ್ಟು ಎಳೆ, ಚರ್ಮದ ಒಂದಷ್ಟು ನವಿರು ಎದುರಿಗಿದ್ದವರದಾಗಿರದೆ ಜಾಲ ಹಿಂದೆ ನೋಡಿದ ಚಿತ್ರಗಳದಾಗಿರುತ್ತದೆ. ಟ್ರೈಪನೂ ತುಂಬಿಸಿದವನೇ. ಆ ಕಾಲದ ನೆಗೆಟಿವ್ ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶ ಖಾಲಿಯಾಗಿ ಬರುತ್ತಿತ್ತು. ಅವನು ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡಗಳನ್ನು ಮೂಡಿಸುತ್ತಿದ್ದ. ಅವನ ಕುಂಚದ ಗುರುತು ನೆಗೆಟಿವ್ ಮೇಲೆ ಉಳಿದಿದೆ. ಹಾಗಾಗಿ ಯಾವುದು ಬೆಳಕು, ಯಾವುದು ಬಣ್ಣ ಎಂದು ಇವತ್ತಿನ ಸಂಶೋಧಕರು ಬಿಡಿಸಿ ಹೇಳಬಲ್ಲರು. ನರಜಾಲದ ತಿದ್ದುಪಡಿಗೆ ಅಂಥ ಗುರುತು ತಾನಾಗಿ ಉಳಿಯುವುದಿಲ್ಲ.

ರಿಪೇರಿಯ ಮಾತೂ ಇದೆ. ಫೋನಿನ ಕ್ಯಾಮೆರಾ ಕೆಟ್ಟರೆ ಚೆನ್ನೈನ ರಿಚ್ಚಿ ಸ್ಟ್ರೀಟಿನಂಥ ಪೇಟೆಯಲ್ಲಿ ಬೇರೆ ಮಾಡ್ಯೂಲ್ ಕೂರಿಸಿಕೊಡುತ್ತಾರೆ. ಮಸೂರವಿಲ್ಲದ ಕ್ಯಾಮೆರಾದಲ್ಲಿ ಮಾಸ್ಕಿಗೂ ಸೆನ್ಸರಿಗೂ ನಡುವಿನ ಅಂತರ ಕೂದಲೆಳೆಯಷ್ಟು ಬದಲಾದರೂ ಬಿಡಿಸುವ ಲೆಕ್ಕ ತಪ್ಪುತ್ತದೆ. ಕ್ಯಾಲಿಬ್ರೇಷನ್ ಮಾಹಿತಿಯನ್ನು ಮಾಡ್ಯೂಲಿನೊಳಗೇ ಬರೆದಿಡದಿದ್ದರೆ ಇಂಥ ರಿಪೇರಿ ಆಗದ ಮಾತು.

ಆದ್ದರಿಂದ ಜೇಬಿನ ಫೋನಿನ ಮುಖ್ಯ ಕ್ಯಾಮೆರಾ ಜಾಗಕ್ಕೆ ಇದು ಸದ್ಯಕ್ಕೆ ಬರಲಾರದೆಂದೇ ನನ್ನ ತೀರ್ಮಾನ. ಬೆಳಕನ್ನು ನಾವೇ ಕೊಡಬಹುದಾದ, ಮಸೂರಕ್ಕೆ ಎಡೆಯಿಲ್ಲದ ಇಕ್ಕಟ್ಟಿನ ಕಡೆಗಳಲ್ಲಿ, ದೇಹದೊಳಗೆ ಇಳಿಸುವ ಸಣ್ಣ ಉಪಕರಣಗಳಲ್ಲಿ, ಚಪ್ಪಟೆ ಸೂಕ್ಷ್ಮದರ್ಶಕಗಳಲ್ಲಿ ಅದರ ಭವಿಷ್ಯವಿದೆ. ಐಐಟಿಯ ಕೆಲಸದ ಬೆಲೆ ಇದರಿಂದ ಎಳ್ಳಷ್ಟೂ ಕುಗ್ಗದು. ಸಾಮಾನ್ಯ ಫೋಟೋಗ್ರಫಿಗೆ ಅದರಿಂದ ದಕ್ಕುವುದು ಬಹುಶಃ ಬಿಡಿಸುವ ಮತ್ತು ತಿದ್ದುವ ಗಣಿತ, ಅದೂ ಮಸೂರವಿರುವ ಫೋನುಗಳ ಒಳಗೆ.

ಅಂಥ ಫೋನುಗಳಲ್ಲಿ ಒಂದು ವ್ಯವಸ್ಥೆ ಈಗಲೇ ಆಗಬೇಕು. ತಂಜಾವೂರಿನ ಬೃಹದೀಶ್ವರ ಗುಡಿಯ ಅಡಿಪಟ್ಟಿಯ ಶಾಸನವನ್ನು ಟ್ರೈಪ್ 21 ಪ್ರಿಂಟ್‌ಗಳನ್ನು ಜೋಡಿಸಿ ಸುಮಾರು 19 ಅಡಿ ಉದ್ದಕ್ಕೆ ದಾಖಲಿಸಿದ. ಇಂದು ಅಂಥ ಶಾಸನವನ್ನು ಊರಿನ ಉತ್ಸಾಹಿಯೊಬ್ಬರು ಫೋನಿನಲ್ಲಿ ತೆಗೆದು ವಿದ್ವಾಂಸರಿಗೆ ಕಳಿಸುತ್ತಾರೆ. ಸವೆದ ಅಕ್ಷರದ ಒಂದು ಗೀಟನ್ನು ಜಾಲ ಊಹಿಸಿ ತುಂಬಿದರೆ ರಾಜನ ಹೆಸರು, ದತ್ತಿಯ ಅಳತೆ ಬದಲಾದೀತು. ತಿದ್ದಿದ ಚಿತ್ರದ ಜತೆಗೆ ಸೆನ್ಸರ್ ದಾಖಲಿಸಿದ ಮೂಲ ಮೊತ್ತವನ್ನೂ, ಬಳಸಿದ ಕ್ಯಾಲಿಬ್ರೇಷನ್ನನ್ನೂ ಒಂದೇ ಕಡತದಲ್ಲಿ ಉಳಿಸುವ ಸೌಲಭ್ಯ ಫೋನುಗಳಲ್ಲಿ ಇರಬೇಕು. ಶಾಸನದ ಫೋಟೋಗಳನ್ನು ಸ್ವೀಕರಿಸುವ ಸಂಸ್ಥೆಗಳು ಆ ಕಡತವನ್ನೇ ಕೇಳಬೇಕು.